ಹೆಲ್ಮೆಟ್ ಹಾಕಿರ್ಲಿಲ್ಲ, ಒಪ್ತೀನಿ. ಆದ್ರೆ ಓಡ್ತಿರೋ ಗಾಡಿ ಕೀಗೆ ಕೈ ಹಾಕಿದ್ದು? ದೂರು ಕೊಡಲಾ, ಬೇಡ್ವಾ?

ಕತ್ರಿ_ಟೇಪು:

ಎಲ್ರಿಗೂ ನಮಸ್ಕಾರ. ಬಲಗೈಗೆ ಪಟ್ಟಿ ಹಾಕಿದಾರೆ, ಎಡಗೈ ಹೆಬ್ಬೆಟ್ಟಲ್ಲಿ ಟೈಪ್ ಮಾಡ್ತಾ ಇದೀನಿ. ಅರ್ಧ ನಾನು, ಅರ್ಧ ಮಗಳು. ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ನಾನು ಟೈಲರ್. ಹಳೇ ಮೈಸೂರು ಕಡೆ ಒಂದು ತಾಲ್ಲೂಕು ಊರು. ಊರ ಹೆಸರು ಬೇಡ, ಇಲ್ಲಿ ಖಾಕಿ ಹೊಲಿಯೋ ಅಂಗಡಿ ಇರೋದೇ ಎರಡು, ಹೆಸರು ಹೇಳಿದ್ರೆ ಮನೆ ವಿಳಾಸ ಕೊಟ್ಟ ಹಾಗೆ. ಸ್ಕೂಲ್ ಯೂನಿಫಾರ್ಮು, ಪೊಲೀಸ್ ಯೂನಿಫಾರ್ಮು, ಇವೆರಡರಿಂದಲೇ ನಮ್ಮನೆ ಒಲೆ ಉರಿಯೋದು. ಜೂನ್ ತಿಂಗಳು ಅಂದ್ರೆ ನಮಗೆ ದೀಪಾವಳಿ. ಅವತ್ತು 36 ಜೊತೆ ಚಡ್ಡಿ-ಶರ್ಟು ಗಂಟು ಕಟ್ಟಿ ಆಕ್ಟಿವಾದಲ್ಲಿ ಕಾಲ ಹತ್ರ ಇಟ್ಕೊಂಡು ಸ್ಕೂಲಿಗೆ ಹೊರಟಿದ್ದೆ. ಹೆಲ್ಮೆಟ್ ಎಲ್ಲಿತ್ತು? ಕನ್ನಡಿಗೆ ನೇತಾಡ್ತಿತ್ತು. ಸುಳ್ಳು ಹೇಳಲ್ಲ. ಒಂದೂವರೆ ಕಿಲೋಮೀಟರು, ಯಾರು ಹಾಕ್ಕೋತಾರೆ ಅನ್ನೋ ಸೋಮಾರಿತನ.

ಪೆಟ್ರೋಲ್ ಬಂಕ್ ದಾಟಿದ ಮೇಲೆ ಒಂದು ತಿರುವಿದೆ, ತಿರುವಲ್ಲೊಂದು ದೊಡ್ಡ ಮಳೆಮರ. ಆ ಮರದ ಹಿಂದಿಂದ ಹಳದಿ ಜಾಕೆಟ್ ಹಾಕಿದ ಪಿಸಿ (ಪೊಲೀಸ್ ಕಾನ್‌ಸ್ಟೆಬಲ್) ಒಬ್ರು ಒಮ್ಮೆಲೇ ರೋಡಿಗೆ ಬಂದ್ರು. ಕೈ ಅಡ್ಡ ಹಿಡಿದಿದ್ದು ನಿಜ, ಆದ್ರೆ ನನಗೂ ಅವರಿಗೂ ಎಂಟಡಿಯೂ ಇರ್ಲಿಲ್ಲ. ಬ್ರೇಕ್ ಹಿಡಿದೆ. ಗಾಡಿ ನಿಧಾನ ಆಯ್ತು, ನಿಂತಿರ್ಲಿಲ್ಲ. ಅಷ್ಟರಲ್ಲಿ ಅವರು ಕೀಗೆ ಕೈ ಹಾಕಿದ್ರು. ಆಕ್ಟಿವಾ ಓಡಿಸೋರಿಗೆ ಗೊತ್ತು, ಕೀ ಇರೋದು ಬಲಗಡೆ. ಅವರು ನಿಂತಿದ್ದು ನನ್ನ ಎಡಗಡೆ. ಅಂದ್ರೆ ನನ್ನ ಎದೆ ಮುಂದೆ ತೋಳು ಹಾಯಿಸ್ಬೇಕು. ಅವರ ಮೊಣಕೈ ಹ್ಯಾಂಡಲ್‌ಗೆ ಸಿಕ್ಕಿಕೊಳ್ತು, ಹ್ಯಾಂಡಲ್ ತಿರುಗ್ತು, ಗಂಟು ಜಾರ್ತು, ನಾನು ಬಲಕ್ಕೆ ಬಿದ್ದೆ. ಹಿಂದೆ ಬರ್ತಿದ್ದ ಬಸ್ಸಿನ ಡ್ರೈವರು ದೇವ್ರಂಥೋನು, ನಿಲ್ಲಿಸ್ದ. ಬಿದ್ದಲ್ಲಿಂದ ಕಣ್ಣು ಬಿಟ್ರೆ ಬಂಪರ್ ಮೇಲೆ ಬರೆದಿದ್ದ ನಂಬರು ಓದೋ ಅಷ್ಟು ಹತ್ರ ಇತ್ತು.

ಯಾರೂ ಹೊಡೀಲಿಲ್ಲ. ಯಾರೂ ಬೈಲಿಲ್ಲ. ಆ ಪಿಸಿನೇ ಎತ್ತಿ ಕೂರಿಸಿದ್ರು. ಆಮೇಲೆ ಸ್ವಲ್ಪ ಮುಂದೆ ಜೀಪಲ್ಲಿ ಕೂತಿದ್ದ ಎಎಸ್‌ಐ ಹತ್ರ ಕರ್ಕೊಂಡು ಹೋದ್ರು. 500 ರೂಪಾಯಿ ಫೈನು, ಮಿಷಿನ್ನಲ್ಲಿ ರಸೀದಿ. ಕೊಟ್ಟೆ. ಕೀ ಅಲ್ಲೀತನಕ ಪಿಸಿ ಜೇಬಲ್ಲೇ ಇತ್ತು. ಜಾಕೆಟ್ ಕೆಳಗೆ ನೇಮ್‌ಪ್ಲೇಟ್ ಮುಚ್ಚಿಹೋಗಿತ್ತು. ಆದ್ರೆ ಕೀ ತೆಗೆಯೋಕೆ ಜಾಕೆಟ್ ಸರಿಸಿದಾಗ ಜೇಬಿನ ಪಟ್ಟಿ ಕಾಣಿಸ್ತು. ಪಟ್ಟಿ ಮೂಲೆಗೆ ಎರಡು ಸಲ ಹೊಲಿಗೆ ಹಾಕೋದು ನನ್ನ ಅಭ್ಯಾಸ, ನಮ್ಮಪ್ಪ ಕಲಿಸಿದ್ದು. ಆ ಶರ್ಟು ನಾನೇ ಹೊಲಿದಿದ್ದು. ಕಾಲರ್ ಸೈಜು ಎಷ್ಟು ಅಂತ ಈಗ್ಲೂ ಹೇಳ್ತೀನಿ.

ಮಣಿಕಟ್ಟಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿದೆ. ಆರು ವಾರ ಮಿಷಿನ್ ಮುಟ್ಟೋ ಹಾಗಿಲ್ಲ. ಬಲಗೈ ಇಲ್ದೆ ಕತ್ರಿ ಹಿಡಿಯೋದು ಹೇಗೆ? ಉಳಿದ ಆರ್ಡರ್ ಎಲ್ಲಾ ಇನ್ನೊಂದು ಅಂಗಡಿಗೆ ಹೋಯ್ತು.

ಅಂಗಡಿ ಜಗುಲಿ ಮೇಲೆ ಈಗ ಎರಡು ಪಾರ್ಟಿ. ನಮ್ಮ ಮಾವನವರು ರಿಟೈರ್ಡ್ ಮೇಷ್ಟ್ರು, ಪೊಲೀಸರ ಕಡೆ. ‘ನೀವು ಹೆಲ್ಮೆಟ್ ಹಾಕ್ಕೊಂಡಿದ್ರೆ ಅವರು ಯಾಕೆ ಅಡ್ಡ ಬರ್ತಿದ್ರು? ದಂಡ ಕಟ್ಟಿದ್ಮೇಲೆ ತಪ್ಪು ಒಪ್ಕೊಂಡ ಹಾಗೇ’ ಅಂತಾರೆ. ಪಕ್ಕದ ಸೈಕಲ್ ಶಾಪ್ ಹುಡುಗ ಇನ್ನೊಂದು ಕಡೆ: ‘ಅಣ್ಣ, ಮಂಡ್ಯದ್ದು ಮರ್ತ್ರಾ?’

ಮರ್ತಿಲ್ಲ. 2025ರ ಮೇ 26. ಮದ್ದೂರು ಕಡೆಯ ಮೂರೂವರೆ ವರ್ಷದ ಮಗು, ನಾಯಿ ಕಚ್ಚಿತ್ತು ಅಂತ ಅಪ್ಪ-ಅಮ್ಮ ಬೈಕಲ್ಲಿ ಮಂಡ್ಯ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ಹೆಲ್ಮೆಟ್ ಚೆಕಿಂಗ್ ಅಂತ ಅಡ್ಡ ಹಾಕಿದ್ರು, ಬೈಕು ಆಯ ತಪ್ತು, ಮಗು ಮೇಲೆ ಲಾರಿ ಹರೀತು. ಮೂರು ಜನ ಎಎಸ್‌ಐ ಸಸ್ಪೆಂಡ್ ಆದ್ರು. ಅದಾದ ಕೆಲವೇ ದಿನಕ್ಕೆ ಡಿಜಿಪಿ ಸಲೀಂ ಸಾಹೇಬ್ರು ಸೂಚನೆ ಹೊರಡಿಸಿದ್ರು: ಓಡೋ ಗಾಡಿಗೆ ಏಕಾಏಕಿ ಅಡ್ಡ ಹೋಗ್ಬೇಡಿ, ಕೀ ಕಿತ್ಕೋಬೇಡಿ, ಕಣ್ಣಿಗೆ ಕಾಣೋ ತಪ್ಪಿಲ್ದೆ ಗಾಡಿ ನಿಲ್ಲಿಸ್ಬೇಡಿ, ಜೋರಾಗಿ ಹೋಗೋರ ಹಿಂದೆ ಬೀಳ್ಬೇಡಿ ನಂಬರ್ ಬರ್ಕೊಳ್ಳಿ ಅಂತ. ಪೇಪರಲ್ಲಿ ಓದಿ ‘ಸದ್ಯ’ ಅಂದ್ಕೊಂಡಿದ್ದೆ.

ನನ್ನ ಪ್ರಶ್ನೆ ಮೂರು. ತಪ್ಪು ನನ್ನದೂ ಇದ್ದಾಗ ನನಗೆ ದೂರು ಕೊಡೋ ಹಕ್ಕಿದ್ಯಾ? ಕೊಟ್ರೆ ‘ಕರ್ತವ್ಯಕ್ಕೆ ಅಡ್ಡಿ’ ಅಂತ ತಿರುಗಿ ನನ್ನ ಮೇಲೇ ಕೇಸ್ ಹಾಕ್ತಾರಾ? ಹೊಡೆದಿದ್ರೆ ಎಲ್ರೂ ನನ್ನ ಪರ ನಿಲ್ತಿದ್ರು, ಹೊಡೀದೇ ಕೈ ಮುರಿದ್ರೆ ಅದಕ್ಕೆ ಏನಂತಾರೆ?

ಇನ್ನೊಂದು ಪ್ರಶ್ನೆ ಕಾನೂನಿಂದಲ್ಲ, ಆದ್ರೂ ಕೇಳ್ತೀನಿ. ಆ ಪಿಸಿ ಎರಡು ಪ್ಯಾಂಟು ನನ್ನ ಅಂಗಡೀಲೇ ಇದೆ. ಅಳತೆ ಪುಸ್ತಕದಲ್ಲಿ ಅವರ ಹೆಸರ ಮುಂದೆ ಅಡ್ವಾನ್ಸು 300 ಅಂತ ಬರ್ದಿದೆ.


ರೂಲ್ಸ್_ಅಂದ್ರೆ_ರೂಲ್ಸ್:

ಹೆಲ್ಮೆಟ್ ಹಾಕಿದ್ರೆ ಈ ಪೋಸ್ಟೇ ಇರ್ತಿರ್ಲಿಲ್ಲ. ಪೊಲೀಸ್ ನಿಲ್ಲಿಸಿದ್ರೆ ದಬ್ಬಾಳಿಕೆ, ನಿಲ್ಲಿಸದಿದ್ರೆ ಲಂಚ ತಗೊಂಡು ಬಿಟ್ಟ. ಬಿಸಿಲಲ್ಲಿ ಹೊಗೆ ಕುಡಿದು ನಿಲ್ಲೋರ ಕಷ್ಟ ಎಸಿ ರೂಮಲ್ಲಿ ಕೂತೋರಿಗೆ ಗೊತ್ತಾಗಲ್ಲ. ಮಂಡ್ಯದ ಕೇಸಲ್ಲೂ ಅಷ್ಟೇ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೈಕಲ್ಲಿ ಬೆಲ್ಟು, ಹೆಲ್ಮೆಟ್ಟು ಕಡ್ಡಾಯ ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಅದನ್ನ ಯಾರೂ ಮಾತಾಡಲ್ಲ.


ಕತ್ರಿ_ಟೇಪು:

ಎಸಿ ರೂಮಾ! ನನ್ನ ಅಂಗಡಿಗೆ ಬನ್ನಿ ಸಾರ್, ಇಸ್ತ್ರಿ ಪೆಟ್ಟಿಗೆ ಪಕ್ಕ ಕೂರಿಸ್ತೀನಿ.

ನೀವು ಹೇಳಿದ ನಿಯಮ ಇದೆ, ಸರಿ. ನಾಯಿ ಕಚ್ಚಿದ ಮಗೂನ ಎತ್ಕೊಂಡು ಓಡೋ ಅಪ್ಪ ಬೆಲ್ಟ್ ಹುಡುಕ್ತಾ ಕೂರ್ತಾನಾ ಅನ್ನೋದು ಬೇರೆ ಮಾತು. ನಾನು ಕೇಳ್ತಿರೋದು ಇಷ್ಟೇ. ಹೆಲ್ಮೆಟ್ ಯಾಕೆ ಹಾಕ್ಕೋಬೇಕು? ಬಿದ್ರೆ ತಲೆಗೆ ಪೆಟ್ಟಾಗ್ಬಾರ್ದು ಅಂತ. ಹೆಲ್ಮೆಟ್ ಇಲ್ದಿರೋನನ್ನ ಬೀಳಿಸಿ ಹೆಲ್ಮೆಟ್ ರೂಲ್ಸ್ ಕಲಿಸೋದು ಯಾವ ಲೆಕ್ಕ? ನನ್ನ ತಪ್ಪಿಗೆ ಸರ್ಕಾರ ಕಟ್ಟಿರೋ ಬೆಲೆ 500. ಕೊಟ್ಟಿದೀನಿ, ರಸೀದಿ ಇದೆ. ಮಣಿಕಟ್ಟು ಆ ರಸೀದೀಲಿ ಬರೆದಿಲ್ಲ.


ಹಳೇ_ಲಾಠಿ:

ಟೇಲರ್ ಸಾಹೇಬ್ರ, ನಮಸ್ಕಾರ್ರಿ. ನಾ ಉತ್ತರ ಕರ್ನಾಟಕದಾಂವ, 34 ವರ್ಷ ಖಾಕಿ ಹಾಕೀನಿ, ಅದರಾಗ 11 ವರ್ಷ ಟ್ರಾಫಿಕ್. ಎಎಸ್‌ಐ ಆಗಿ ರಿಟೈರ್ ಆದೆ. ನಿಮ್ಮ ಕೈ ಲಗೂನ ಆರಾಮ ಆಗ್ಲಿ. ಈಗ ನಾ ಹೇಳೋದು ಇಬ್ಬರಿಗೂ ಸೇರೂದಿಲ್ಲ, ಆದ್ರೂ ಹೇಳ್ತೀನಿ.

ಕೀ ಯಾಕ ಕಸ್ಗೋತಾರ, ಗೊತ್ತೇನ್ರಿ? ಸಿಟ್ಟಿಗಲ್ಲ. ದಂಡದ ರಸೀದಿ ಹಾಕೋ ಅಧಿಕಾರ ಇರೋದು ಎಎಸ್‌ಐ ಮತ್ತ ಅವರ ಮ್ಯಾಲಿನವ್ರಿಗೆ. ಪಿಸಿಗೆ ಇಲ್ಲ, ಹೆಡ್ ಕಾನ್‌ಸ್ಟೆಬಲ್‌ಗೂ ಇಲ್ಲ. ಬರಿಯೋ ಕೈ ಬ್ಯಾರೆ, ಹಿಡಿಯೋ ಕೈ ಬ್ಯಾರೆ. ಸಾಹೇಬ್ರು ಜೀಪಿನ ಹತ್ರ ನೆಳ್ಳಾಗ ಮಿಷಿನ್ ಹಿಡ್ಕೊಂಡು ನಿಂತಿರ್ತಾರ, ಪಿಸಿ ನೂರು ಹೆಜ್ಜಿ ಮುಂದ ಬಿಸಿಲಾಗ. ಅಂವ ಗಾಡಿ ನಿಲ್ಲಿಸಿ, ಆ ಮನಶಾನ್ನ ಸಾಹೇಬ್ರ ತನಕ ಮುಟ್ಟಸ್ಬೇಕು. ನಡುವ ಇಂವ ಗಾಡಿ ಏರಿ ಪಾರಾದ್ರ? ‘ಯಾಕೋ ಬಿಟ್ಟಿ, ಎಷ್ಟು ತಗೊಂಡಿ?’ ಅಂತ ಎಲ್ಲಾರ ಮುಂದ ಕೇಳ್ತಾರ. ಆ ಮಾತು ಕೇಳೋದ್ಕಿಂತ ಕೀ ಕಸ್ಗೊಳ್ಳೋದು ಛಲೋ ಅನಸ್ತೈತಿ. ಆಕಳಾ ಹಿಡಿದಾಂವ ಹಗ್ಗ ಬಿಡ್ತಾನೇನು? ನಮಗ ಕೀನೇ ಹಗ್ಗ.

ಮ್ಯಾಲಿಂದ ರೋಲ್‌ಕಾಲ್‌ದಾಗ ಲೆಕ್ಕ. ನಿನ್ನೆ ಎಷ್ಟು ಕೇಸ್, ಇವತ್ತ ಎಷ್ಟು ಆಗ್ಬೇಕು. ಕಾಗದದ ಮ್ಯಾಲೆ ಇರಾಕಿಲ್ಲ, ಬಾಯಾಗ ಇರ್ತೈತಿ. ನಾನೂ ಕೇಳೀನಿ, ನಾನೂ ನನ್ನ ಕೈ ಕೆಳಗಿನ ಹುಡುಗೂರ್ನ ಕೇಳೀನಿ. ಮರದ ಹಿಂದ ಯಾಕ ನಿಂದರ್ತಾರ ಅಂದ್ರ, ದೂರದಿಂದ ಖಾಕಿ ಕಂಡ್ರ ಮಂದಿ ಯೂ-ಟರ್ನ್ ಹೊಡೀತಾರ, ರಾಂಗ್ ಸೈಡ್ ನುಗ್ತಾರ. ಅದೂ ಅಪಘಾತನ ಅಲ್ಲೇನ್ರಿ? ನನ್ನ ಜೋಡಿ ಇದ್ದ ಒಬ್ಬಾಂವ ಟೆಂಪೋಕ್ಕ ಕೈ ಮಾಡಿದ, ಅಂವ ನಿಂದರ್ಲಿಲ್ಲ. ಇವನ ಕಾಲಿನ ಮ್ಯಾಲಿಂದ ಗಾಲಿ ಹಾಯಿಸ್ಕೊಂಡು ಹ್ವಾದ. ಇವತ್ತಿಗೂ ಮೆಟ್ಟಿಲಾ ಏರೂವಾಗ ಗ್ವಾಡಿ ಹಿಡೀತಾನ. ಅದರ ವಿಡಿಯೋ ಯಾರೂ ಮಾಡಿರ್ಲಿಲ್ಲ.

ಇಷ್ಟು ಹೇಳಿದೆ ಅಂತ ನಾ ನಿಮ್ಮ ಪಿಸಿ ಕಡೆ ಅಂತ ತಿಳ್ಕೋಬ್ಯಾಡ್ರಿ. ಓಡೋ ಗಾಡಿಗೆ ಕೈ ಹಾಕಬಾರ್ದು ಅಂತ ನಮಗ ಸಲೀಂ ಸಾಹೇಬ್ರ ಸೂಚನೆ ಬರೂಕಿಂತ ಮೊದ್ಲೂ ಗೊತ್ತಿತ್ತು. ಪ್ರವೀಣ್ ಸೂದ್ ಸಾಹೇಬ್ರು ಡಿಜಿ ಇದ್ದಾಗ, 2022ರಾಗ, ಬರೇ ಕಾಗದಪತ್ರ ನೋಡಾಕ ಗಾಡಿ ನಿಲ್ಲಿಸಬ್ಯಾಡ್ರಿ ಅಂತ ಟ್ವಿಟ್ಟರ್‌ನಾಗ ಎಲ್ಲಾರಿಗೂ ಕಾಣೂ ಹಂಗ ಬರ್ದಿದ್ರು. ಸುತ್ತೋಲೆ ಬಂದ್ರ ಠಾಣೆ ನೋಟಿಸ್ ಬೋರ್ಡಿಗೆ ಪಿನ್ ಹೊಡೀತಾರ, ಮರುದಿನ ಅದರ ಮ್ಯಾಲೆ ಬಂದೋಬಸ್ತ್ ಪಟ್ಟಿ ಬರ್ತೈತಿ. ಮುಗೀತು.

ನಾ ಒಂದ್ಸಲ ಒಂದು ಹುಡುಗನ ಬೆನ್ನಿಗೆ ಲಾಠಿಲೆ ಹೊಡದೀನಿ. ನಿಲ್ಲಿಸದ ಹೊಂಟಿದ್ದ, ಬೀಸಿದೆ. ಬೀಳ್ಲಿಲ್ಲ, ಓಡಿಸ್ಕೊಂಡು ಹ್ವಾದ. ರಾತ್ರಿ ಮನಿಗೆ ಬಂದು ಊಟಕ್ಕ ಕುಂತಾಗ, ಅಂವ ಬಿದ್ದಿದ್ರ ಏನಾಗ್ತಿತ್ತು ಅಂತ ತುತ್ತು ಇಳೀಲಿಲ್ಲ. ಯಾರಿಗೂ ಹೇಳಿರ್ಲಿಲ್ಲ, ಇವತ್ತ ಬರ್ದೀನಿ.

ದೂರು ಕೊಡ್ರಿ. ಆದ್ರ ಪಿಸಿ ಒಬ್ಬಾಂವನ ಹೆಸರಾ ಬರದು ಬಿಡಬ್ಯಾಡ್ರಿ. ತಿರುವಿನ್ಯಾಗ ನಿಂದರ್ಸಿದ್ದು ಯಾರು, ಕೋನ್ ಯಾಕ ಇಟ್ಟಿರ್ಲಿಲ್ಲ, ಬಾಡಿ ಕ್ಯಾಮೆರಾ ಚಾಲೂ ಇತ್ತೋ ಇಲ್ಲೋ, ಅದನ್ನ ಕೇಳ್ರಿ. ಇಲ್ಲಾಂದ್ರ ಆ ಹುಡುಗ ಸಸ್ಪೆಂಡ್ ಆಗ್ತಾನ, ಮೂರು ತಿಂಗಳಿಗೆ ಬ್ಯಾರೆ ಹುಡುಗ ಅದೇ ಮರದ ಹಿಂದ ನಿಂದರ್ತಾನ.


ನೈಟ್_ಡ್ಯೂಟಿ:

ಲಾಠಿಯವರೇ, ನೀವು ಬರೆದದ್ದು ಓದಿ ಬೇಜಾರೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ನಾನು ಕರಾವಳಿಯವಳು, ಕ್ಯಾಶುವಾಲ್ಟಿಯಲ್ಲಿ ನರ್ಸು. ಹೆಲ್ಮೆಟ್ ಇಲ್ಲದೆ ಬಂದ ತಲೆಗಳನ್ನು ನೋಡಿದ ಮೇಲೆ ನನ್ನ ಗಂಡ ಗೇಟಿನವರೆಗೆ ಹೋಗುವುದಾದರೂ ಹೆಲ್ಮೆಟ್ ಹಾಕಿಸುತ್ತೇನೆ. ಹಾಗಾಗಿ ಟೈಲರಣ್ಣ, ಮೊದಲು ನಿಮಗೇ ಬೈಗುಳ. ಕನ್ನಡಿಗೆ ನೇತು ಹಾಕ್ಲಿಕ್ಕೆ ಅದೆಂತ ದೃಷ್ಟಿಬೊಂಬೆಯಾ?

ಆದರೆ ‘ಚೆಕಿಂಗ್‌ನಲ್ಲಿ ಬಿದ್ದದ್ದು’ ಅಂತ ಬರುವವರೂ ಇದ್ದಾರೆ. ಅವರ ಗಾಯದ್ದು ಒಂದು ಗುರುತುಂಟು. ನಾನೇ ಓಡಿಸಿ ಬಿದ್ದರೆ ಬೀಳುವ ಮುಂಚೆ ಒಂದು ಕ್ಷಣ ಗೊತ್ತಾಗುತ್ತದೆ, ಮೈ ತನ್ನಷ್ಟಕ್ಕೆ ತಯಾರಾಗುತ್ತದೆ. ಯಾರೋ ಹ್ಯಾಂಡಲಿಗೆ ಕೈ ಹಾಕಿದಾಗ ಆ ಕ್ಷಣ ಇರುವುದಿಲ್ಲ. ಅಂಗೈ ಊರಿ ಬೀಳುತ್ತಾರೆ, ಮಣಿಕಟ್ಟು ಹೋಗುತ್ತದೆ. ಹಿಂದೆ ಕೂತ ಹೆಂಗಸರಾದರೆ ಇನ್ನೂ ಕಷ್ಟ, ಒಂದೇ ಕಡೆ ಕಾಲು ಹಾಕಿ ಕೂತಿರುತ್ತಾರೆ, ಹಿಂದಕ್ಕೇ ಬೀಳುತ್ತಾರೆ. 2018ರಲ್ಲಿ ತಮಿಳುನಾಡಿನ ತಿರುಚ್ಚಿ ಹತ್ತಿರ ಹೆಲ್ಮೆಟ್ ಚೆಕಿಂಗ್‌ಗೆ ನಿಲ್ಲಿಸಲಿಲ್ಲ ಅಂತ ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಬೈಕಿಗೆ ಒದ್ದದ್ದು ನೆನಪುಂಟಾ? ಸತ್ತದ್ದು ಹಿಂದೆ ಕೂತ ಹೆಂಡತಿ. ಬೈಕ್ ಓಡಿಸಿದ್ದು ಅವಳಲ್ಲ, ಹೆಲ್ಮೆಟ್ ಹಾಕದ್ದು ಗಂಡ, ನಿಲ್ಲಿಸದ್ದು ಗಂಡ.

‘ಒತ್ತಡ ಉಂಟು’ ಅಂತೀರಿ. ನಮಗೂ ಉಂಟು ಮಾರಾಯ್ರೆ. ರಾತ್ರಿ ಮೂರು ಗಂಟೆಗೆ ಕುಡಿದು ಬಂದವರ ಕಡೆಯವರು ನಮ್ಮ ಕಾಲರ್ ಹಿಡಿಯುತ್ತಾರೆ. ಹಾಗಂತ ನಾನು ಸೂಜಿಯನ್ನು ಕೋಪದಲ್ಲಿ ಚುಚ್ಚಲಿಕ್ಕುಂಟಾ?

ಇನ್ನು ಬೆಂಗಳೂರಿನ ಟೋಯಿಂಗ್ ಗಲಾಟೆ, 2022ರ ಜನವರಿ. ಎಎಸ್‌ಐ ಒಬ್ಬರು ಅಂಗವಿಕಲ ಮಹಿಳೆಗೆ ಬೂಟುಗಾಲಲ್ಲಿ ಒದ್ದ ವಿಡಿಯೋ. ಆಕೆ ಮೊದಲು ಕಲ್ಲು ಹೊಡೆದಳು ಅಂತ ಅವರ ಕಡೆಯವರು, ಆದರೂ ಒದೆಯುವುದಾ ಅಂತ ಈ ಕಡೆಯವರು. ನಮ್ಮ ಡ್ಯೂಟಿ ರೂಮಿನಲ್ಲೂ ಎರಡು ಪಂಗಡ ಆಗಿತ್ತು. ಅವರು ಸಸ್ಪೆಂಡ್ ಆದರು, ಟೋಯಿಂಗೇ ನಿಂತಿತು. ಅಲ್ಲಿ ವಿಡಿಯೋ ಇತ್ತು. ನಿಮ್ಮಲ್ಲಿ ಏನುಂಟು ಅಂತ ಮೊದಲು ನೋಡಿ. ಆಸ್ಪತ್ರೆಯಲ್ಲಿ ಎಮ್‌ಎಲ್‌ಸಿ, ಅಂದರೆ ಕೇಸಿಗೆ ಬೇಕಾಗುವ ಗಾಯದ ದಾಖಲೆ, ಮಾಡಿಸಿದ್ದೀರಾ? ‘ಸ್ಕೂಟರಿನಿಂದ ಬಿದ್ದೆ’ ಅಂತ ಮಾತ್ರ ಬರೆಸಿದರೆ ನಾಳೆ ಅದೇ ನಿಮಗೆ ಅಡ್ಡ ಬರುತ್ತದೆ. ಎಷ್ಟೋ ಜನ ಹೆದರಿ ಹಾಗೇ ಬರೆಸುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.


ಕತ್ರಿ_ಟೇಪು:

ಸಿಸ್ಟರ್, ಬೈದಿದ್ದು ಸರಿ. ದೃಷ್ಟಿಬೊಂಬೆ ಅಂತ ಓದಿ ಮಗಳು ನಕ್ಕಿದ್ದು ನೋಡ್ಬೇಕಿತ್ತು.

ಕೇಸ್ ಶೀಟ್ ತೆಗ್ದು ನೋಡ್ದೆ. ‘ಪೊಲೀಸ್ ತಪಾಸಣೆ ವೇಳೆ ದ್ವಿಚಕ್ರ ವಾಹನದಿಂದ ಬಿದ್ದು’ ಅಂತಿದೆ. ಬರೆಸಿದ್ದು ನಾನಲ್ಲ, ನನ್ನ ಹೆಂಡತಿ. ನಾನು ‘ಬಿದ್ದೆ ಅಂತ ಹೇಳು ಸಾಕು’ ಅಂದಿದ್ದೆ. ಅವಳು ಕೇಳ್ಲಿಲ್ಲ.


ಕರಿಕೋಟು:

ಹಾಗಿದ್ರೆ ನಿಮ್ಮ ಹೆಂಡತಿಯವರು ಅರ್ಧ ವಕೀಲರು. ತಾಲ್ಲೂಕು ಕೋರ್ಟಲ್ಲಿ ಹದಿನೈದು ವರ್ಷದಿಂದ ಕ್ರಿಮಿನಲ್ ಕಡೆ ಪ್ರಾಕ್ಟೀಸ್ ಮಾಡ್ತಿದ್ದೇನೆ, ನೀವು ಕೇಳಿದ್ದಕ್ಕೆ ಒಂದೊಂದಾಗಿ ಹೇಳ್ತೇನೆ.

ನಿಮ್ಮ ತಪ್ಪು ಬೇರೆ, ಅವರ ತಪ್ಪು ಬೇರೆ. ಹೆಲ್ಮೆಟ್ ಹಾಕದ್ದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಶಿಕ್ಷೆ ಬರೆದಿದೆ: ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ದಂಡ ಮೂಲದಲ್ಲಿ 1000, ನಮ್ಮ ರಾಜ್ಯ 2019ರ ಸೆಪ್ಟೆಂಬರಿನಲ್ಲಿ 500ಕ್ಕೆ ಇಳಿಸಿತು. ಅದನ್ನು ಕಟ್ಟಿದರೆ ಒಪ್ಪಿಕೊಂಡದ್ದು ಹೆಲ್ಮೆಟ್ ವಿಷಯ ಮಾತ್ರ. ನಿಮ್ಮ ಮಾವನವರಿಗೆ ಹೇಳಿ, ಜೇಬುಗಳ್ಳ ಸಿಕ್ಕರೂ ಕೈ ಮುರಿಯುವ ಹಾಗಿಲ್ಲ.

ಕೀ ವಿಷಯ. ಸಮವಸ್ತ್ರದಲ್ಲಿರುವ ಪೊಲೀಸ್ ಕೇಳಿದರೆ ಲೈಸೆನ್ಸ್ ತೋರಿಸಬೇಕು, ಅದು 130ನೇ ಸೆಕ್ಷನ್, ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊಬೈಲಲ್ಲಿ ಡಿಜಿಲಾಕರ್ ತೋರಿಸಿದರೂ ನಡೆಯುತ್ತೆ. ಗಾಡಿಯನ್ನೇ ಹಿಡಿದಿಟ್ಟುಕೊಳ್ಳೋದು 207ನೇ ಸೆಕ್ಷನ್, ಅದು ನೋಂದಣಿ, ಪರ್ಮಿಟ್, ಲೈಸೆನ್ಸ್ ಇಲ್ಲದಂಥ ಸಂದರ್ಭಕ್ಕೆ. ಹೆಲ್ಮೆಟ್ ಇಲ್ಲ ಅನ್ನೋದು ಅದರಲ್ಲಿ ಬರೋದಿಲ್ಲ. ಓಡುವ ಗಾಡಿಯ ಕೀ ತಿರುಗಿಸಬಹುದು ಅಂತ ಯಾವ ಸೆಕ್ಷನ್ನೂ ಹೇಳೋದಿಲ್ಲ.

ಹೊಡೆಯದೇ ಕೈ ಮುರಿದರೆ ಏನಂತಾರೆ ಅಂದಿರಲ್ಲ, ಅದು ಒಳ್ಳೇ ಪ್ರಶ್ನೆ. ದೂರಿನಲ್ಲಿ ‘ಹಲ್ಲೆ ಮಾಡಿದರು’ ಅಂತ ಬರೆಯಬೇಡಿ. ಅದು ನಿಜ ಅಲ್ಲ, ಬಸ್ ಡ್ರೈವರು ಸಾಕ್ಷಿ ಹೇಳುವಾಗ ಬಿದ್ದುಹೋಗುತ್ತೆ. ಇನ್ನೊಬ್ಬರ ಜೀವಕ್ಕೆ ಅಪಾಯ ಆಗುವ ಹಾಗೆ ದುಡುಕಿನಿಂದ, ನಿರ್ಲಕ್ಷ್ಯದಿಂದ ವರ್ತಿಸಿ ಗಾಯ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್. ಮೂಳೆ ಬಿರುಕು ಬಿಟ್ಟಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ, ಶಿಕ್ಷೆ ಮೂರು ವರ್ಷದವರೆಗೆ. ಎಕ್ಸ್‌ರೇ ಫಿಲಂ ಜೋಪಾನ.

‘ಕರ್ತವ್ಯಕ್ಕೆ ಅಡ್ಡಿ’ ಭಯ ಎಲ್ಲರಿಗೂ ಇದೆ. ಹಳೇ ಐಪಿಸಿಯಲ್ಲಿ 353ನೇ ಸೆಕ್ಷನ್, ಈಗ ನ್ಯಾಯ ಸಂಹಿತೆಯಲ್ಲಿ 132. ಅದಕ್ಕೆ ನೀವು ಅವರ ಮೇಲೆ ಕೈ ಮಾಡಿರಬೇಕು, ಬಲ ಪ್ರಯೋಗಿಸಿರಬೇಕು. ಬಿದ್ದವನು ದೂರು ಬರೆದರೆ ಅಡ್ಡಿ ಆಗೋದಿಲ್ಲ. ಹಾಕುವುದೇ ಇಲ್ಲ ಅಂತ ಭರವಸೆ ಕೊಡೋಕೆ ನನ್ನಿಂದಾಗಲ್ಲ, ಆದರೆ ಅಲ್ಲೇ ವಾದ ಮಾಡದೆ ದಂಡ ಕಟ್ಟಿ ಬಂದಿದ್ದೀರಲ್ಲ, ಅದು ನಿಮ್ಮ ಪರ.

ಎಲ್ಲಿ ಕೊಡೋದು? ಠಾಣೆಗೆ ಕೊಡಿ, ತೆಗೆದುಕೊಳ್ಳದಿದ್ದರೆ ಅದೇ ಪ್ರತಿಯನ್ನು ಎಸ್‌ಪಿಯವರಿಗೆ ರಿಜಿಸ್ಟರ್ಡ್ ಪೋಸ್ಟ್. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ. ಆದರೆ ಸರ್ಕಾರಿ ನೌಕರ ಕರ್ತವ್ಯದಲ್ಲಿದ್ದಾಗ ಆದದ್ದು ಅಂದಾಗ, ಈಗ ಹೊಸ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರು ಮೊದಲು ಮೇಲಧಿಕಾರಿಯ ವರದಿ ಕೇಳುತ್ತಾರೆ, ನೌಕರನ ವಿವರಣೆಯನ್ನೂ ನೋಡುತ್ತಾರೆ. ಮುಂದೆ ಮಂಜೂರಾತಿ, ಅಂದರೆ ಕೇಸ್ ನಡೆಸೋಕೆ ಸರ್ಕಾರದ ಅನುಮತಿ, ಅನ್ನೋ ಇನ್ನೊಂದು ಬಾಗಿಲು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಬಗ್ಗೆ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಅಧಿಕಾರ ಮೀರಿ ನಡೆದುಕೊಂಡರೂ, ಕರ್ತವ್ಯದ ಜೊತೆ ನಂಟಿದ್ದರೆ ಮಂಜೂರಾತಿ ಬೇಕು. ಈ ದಾರಿ ಉದ್ದ, ಸುಳ್ಳು ಆಸೆ ಹುಟ್ಟಿಸೋದಿಲ್ಲ. ಇದರ ಜೊತೆಗೆ ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದಿದೆ, ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ಆದದ್ದು. ಅಲ್ಲಿಗೂ ಒಂದು ಪ್ರತಿ ಹಾಕಿ. ನಿಮ್ಮ ಊರಿನ ವ್ಯಾಪ್ತಿಗೆ ಬಾರದ ಕಡೆ ಒಂದು ಕಾಗದ ಇರಲಿ.

ಇದೆಲ್ಲದಕ್ಕಿಂತ ಮೊದಲು, ಇವತ್ತೇ: ಪೆಟ್ರೋಲ್ ಬಂಕಿನ ಸಿಸಿಟಿವಿ. ಹಳೇದರ ಮೇಲೆ ಹೊಸದು ರೆಕಾರ್ಡ್ ಆಗ್ತಾ ಹೋಗುತ್ತೆ. ಅಳಿಸಬೇಡಿ ಅಂತ ಬಂಕಿನವರಿಗೆ ಬರಹದಲ್ಲಿ ಕೊಡಿ, ಬಾಯಲ್ಲಿ ಹೇಳಬೇಡಿ. ಬಾಡಿ ಕ್ಯಾಮೆರಾ ದೃಶ್ಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ.

ಲಾಠಿ ಸಾರ್ ಹೇಳಿದ ಮಾತಿಗೆ ನನ್ನ ಸಹಿ ಇದೆ. ಪಿಸಿ ಒಬ್ಬರನ್ನೇ ಹಿಡಿಯಬೇಡಿ. ದೂರಿನ ಎರಡನೇ ಪ್ಯಾರಾ ತಪಾಸಣೆ ನಡೆದ ಜಾಗದ ಬಗ್ಗೆ ಇರಲಿ: ತಿರುವು, ಮರ, ಎಷ್ಟು ಅಡಿ.


ರೂಲ್ಸ್_ಅಂದ್ರೆ_ರೂಲ್ಸ್:

ಎಲ್ಲಾ ಓದಿದೆ. ಹೆಲ್ಮೆಟ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದ್ರೆ ಕ್ಯಾಮೆರಾ ಇರೋ ಕಡೆ ನಂಬರ್ ಪ್ಲೇಟ್ ಫೋಟೋ ತೆಗೆದು ನೋಟಿಸ್ ಕಳಿಸೋದೇ ಸರಿ ಅನ್ಸುತ್ತೆ. ಅಲ್ಲೂ ಜನ ಕಟ್ಟಲ್ಲ, ಶೇ 50 ರಿಯಾಯಿತಿ ಬರ್ಲಿ ಅಂತ ಕಾಯ್ತಾರೆ. 2023ರಲ್ಲಿ ಬಂತು, 2025ರಲ್ಲೂ ಬಂತು, ಇನ್ನೊಂದು ಬರುತ್ತೆ ಅಂತ ನಮ್ಮ ಆಫೀಸಲ್ಲೇ ನಾಲ್ಕು ಜನ ಕಾಯ್ತಿದಾರೆ. ಅದಕ್ಕೇ ಪೊಲೀಸರು ರೋಡಿಗೆ ಇಳಿಯೋದು.


ಹಳೇ_ಲಾಠಿ:

ಅದು ಖರೇ ಐತ್ರಿ.


ಕತ್ರಿ_ಟೇಪು:

ನಾಲ್ಕು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಬಂಕಿಗೆ ಹೋದೆ. ಕ್ಯಾಮೆರಾ ಇದೆ, ಮರ ಅರ್ಧ ಮುಚ್ಚಿದೆ. ಆದ್ರೆ ಬಸ್ಸು ಬ್ರೇಕ್ ಹೊಡೆದು ನಿಂತಿದ್ದು, ಗಂಟು ಬಿಚ್ಚಿ ಬಿಳಿ ಶರ್ಟೆಲ್ಲಾ ರೋಡಿಗೆ ಹರಡಿಕೊಂಡಿದ್ದು, ಜನ ಆಯ್ದುಕೊಡ್ತಿರೋದು ಕಾಣುತ್ತೆ. ಆಯ್ದುಕೊಡೋರಲ್ಲಿ ಆ ಪಿಸಿನೂ ಇದಾರೆ. ಬೂಟಿನ ಗುರುತು ಬಿದ್ದ ಶರ್ಟನ್ನ ತಮ್ಮ ಪ್ಯಾಂಟಿಗೆ ಒರೆಸಿ ಒರೆಸಿ ಕೊಡ್ತಾರೆ. ನನಗೆ ಅವತ್ತು ಅದು ಕಂಡೇ ಇರ್ಲಿಲ್ಲ. ಮ್ಯಾನೇಜರ್ ಹತ್ರ ಬರೆದುಕೊಟ್ಟು ಬಂದೆ.

ಮಾವನವರ ಹತ್ರನೇ ದೂರು ಬರೆಸ್ದೆ. ಅಕ್ಷರ ಚೆನ್ನಾಗಿದೆ ಅವರದು. ಬರೀತಾ ಬರೀತಾ ‘ಎಂಟಡಿ ಅಂತೀರಲ್ಲ, ಅಳೆದಿದೀರಾ?’ ಅಂದ್ರು. ಅಳೆದಿರ್ಲಿಲ್ಲ. ಅಳತೆ ನನ್ನ ಕಸುಬು, ಅದನ್ನೇ ಮರ್ತಿದ್ದೆ. ಸಂಜೆ ಟೇಪ್ ತಗೊಂಡು ಇಬ್ರೂ ಹೋದ್ವಿ. ಟೇಪಿನ ಆ ತುದಿ ಮಾವ ಹಿಡ್ಕೊಂಡ್ರು, ಈ ತುದಿ ನಾನು ಎಡಗೈಲಿ. ನನ್ನ ಬ್ರೇಕಿನ ಗೆರೆ ಮಳೆಗೆ ಹೋಗಿತ್ತು, ಆದ್ರೆ ಮರದ ಬುಡದಿಂದ ಡಾಂಬರಿನ ಅಂಚಿಗೆ ಮೂರಡಿ ಎಂಟಿಂಚು. ತಿರುವಿಂದ ಮರ ಕಾಣೋದು ನಲವತ್ತಡಿ ಒಳಗೆ ಬಂದ್ಮೇಲೇ. ಅಲ್ಲಿ ನಿಂತ ಮನುಷ್ಯ ಯಾರಿಗೂ ಕಾಣಲ್ಲ, ಅವನಿಗೂ ಬರೋ ಗಾಡಿ ಕಾಣಲ್ಲ. ಮಾವ ಏನೂ ಮಾತಾಡ್ಲಿಲ್ಲ. ಮನೆಗೆ ಬಂದು ದೂರಿನ ಎರಡನೇ ಪ್ಯಾರಾ ಹರಿದು ಹೊಸದಾಗಿ ಬರೆದ್ರು, ನಕ್ಷೆ ಸಮೇತ.

ಠಾಣೇಲಿ ಅರ್ಧ ಗಂಟೆ ಕೂರಿಸಿದ್ರು, ಟೀ ಕೊಟ್ರು. ‘ಹೋಗ್ಲಿ ಬಿಡಿ ಟೈಲರೇ, ಆಸ್ಪತ್ರೆ ಖರ್ಚು ನೋಡ್ಕೊಳ್ಳೋಣ’ ಅಂದ್ರು. ಬೇಡ ಅಂದೆ. ಕಾಗದ ತಗೊಂಡ್ರು.

ಪ್ಯಾಂಟಿನ ವಿಷಯ: ಅಣ್ಣನ ಮಗ ಬಂದು ಮಿಷಿನ್ ಮೇಲೆ ಕೂರ್ತಿದಾನೆ. ಖಾಕಿ ಗಂಟು ತೋರಿಸಿ ‘ಇದು ಹೊಲೀಲಾ ಚಿಕ್ಕಪ್ಪ?’ ಅಂತ ಕೇಳ್ದ. ಹೊಲಿ ಅಂದೆ, ಅಡ್ವಾನ್ಸ್ ಇಸ್ಕೊಂಡಿದೀವಲ್ಲ. ಜೇಬಿನ ಮೂಲೆಗೆ ಎರಡು ಹೊಲಿಗೆ ಮರೀಬೇಡ ಅಂದೆ. ಅವರಿನ್ನೂ ಬಂದಿಲ್ಲ ಇಸ್ಕೊಳ್ಳೋಕೆ.

ಕರಿಕೋಟು ಸಾರ್, ಒಂದು ಡೌಟು. ದೂರಿನ ಪ್ರತಿ ಮೇಲೆ ಠಾಣೆ ಸೀಲ್ ಇದೆ, ಸಹಿ ಇದೆ, ಆದ್ರೆ ನಂಬರೂ ಇಲ್ಲ, ತಾರೀಖೂ ಇಲ್ಲ. ನಡೆಯುತ್ತಾ?


ಕರಿಕೋಟು:

ನಡೆಯಲ್ಲ. ನಾಳೆ ಬೆಳಿಗ್ಗೆ ಮತ್ತೆ ಹೋಗಿ ಎರಡೂ ಹಾಕಿಸಿಕೊಳ್ಳಿ. ಮಾವನವರನ್ನ ಜೊತೆಗೆ ಕರ್ಕೊಂಡು ಹೋಗಿ.